ಕೇರಿ ದಾಟಿದ ಮೇಲೆ ಅಳೆದ ನೀರು

ಮಳೆ ದೇವರದು. ಹಳ್ಳ ದೇವರದು. ತಗ್ಗು ಮಾತ್ರ ನಮ್ಮದು.

ಅದನ್ನು ನಮ್ಮ ಪಾಲಿಗೆ ಯಾರು ಇಟ್ಟರೆಂದು ಎಷ್ಟು ಸಲ ಕೈಮುಗಿದು ಕೇಳಿದರೂ ಚೌಡಮ್ಮ ಬಲಗಡೆಯ ಹೂವನ್ನೂ ಕೊಡುವುದಿಲ್ಲ, ಎಡಗಡೆಯ ಹೂವನ್ನೂ ಕೊಡುವುದಿಲ್ಲ. ಕೊಡುವುದಾದರೂ ಹೇಗೆ? ಆಕೆಯ ಕಲ್ಲೂ ನಮ್ಮ ತಗ್ಗಿನಲ್ಲೇ ಇದೆ. ಮಳೆಗಾಲ ಬಂದರೆ ಆಕೆಯ ಕುಂಕುಮವೂ ನಮ್ಮ ಮಡಕೆಯ ಹಿಟ್ಟೂ ಒಟ್ಟಿಗೇ ತೊಳೆದುಹೋಗುತ್ತವೆ. ದೇವರೆಂದ ಮೇಲೆ ಆಕೆ ಎಲ್ಲಿ ಬೇಕಾದರೂ ಇರಬಹುದಿತ್ತು. ನಮ್ಮ ಜೊತೆ ಇದ್ದಾಳೆ. ಅಷ್ಟಕ್ಕೇ ನಾವು ಆಕೆಗೆ ವರ್ಷಕ್ಕೊಂದು ಕೋಳಿ ಕೊಡುತ್ತೇವೆ.

ನಮ್ಮೂರು ತಗ್ಗಿನಕೊಪ್ಪ. ಎಮ್ಮೆಹಳ್ಳದ ಈಚೆ ದಂಡೆ ಶಿಕಾರಿಪುರ ತಾಲ್ಲೂಕು, ಆಚೆ ದಂಡೆ ಸೊರಬ. ನೆರೆ ಬಂದು ಗೋಡೆ ಬಿದ್ದರೆ ಈಚೆಯ ಕಚೇರಿಯವರು ಆಚೆ ಹೋಗಿ ಅರ್ಜಿ ಕೊಡಿ ಎನ್ನುತ್ತಾರೆ. ಆಚೆಯವರು ಈಚೆ ಕಳಿಸುತ್ತಾರೆ. ಹಳ್ಳ ಮಾತ್ರ ಯಾರಿಗೂ ಅರ್ಜಿ ಕೊಡದೆ ಎರಡೂ ತಾಲ್ಲೂಕಿಗೆ ಹೋಗಿಬರುತ್ತದೆ.

ನೀರು ಇಳಿದು ಬರುವ ದಾರಿಯಲ್ಲೇ ಊರನ್ನು ಹೇಳುತ್ತೇನೆ. ಮೊದಲು ಕಲ್ಲೇಶ್ವರನ ಗುಡಿ. ಗುಡಿ ಒಂದು ದಿಬ್ಬದ ಮೇಲಿದೆ. ದಿಬ್ಬದ ಬುಡದಲ್ಲಿ ಆಳದ ಮಡು. ಗುಡಿಯ ಅಂಗಳದಿಂದ ಮಡುವಿಗೆ ಕಲ್ಲಿನ ಮೆಟ್ಟಿಲುಗಳು ಇಳಿಯುತ್ತವೆ. ಹಳ್ಳ ಮೊದಲು ಈ ಮಡುವನ್ನು ತುಂಬಬೇಕು. ತುಂಬಿ, ಅಡ್ಡ ಮಲಗಿರುವ ಬಂಡೆ ಹತ್ತಿ ಇಳಿದರೆ ಅದರ ಮುಂದಿನದು ನಮ್ಮ ಕೇರಿ. ಕೇರಿ ದಾಟಿದರೆ ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯ ಸೇತುವೆ. ಸೇತುವೆಯ ಮಗ್ಗುಲಲ್ಲಿ ವೀರಬಸಪ್ಪ ಗೌಡರ ಅಕ್ಕಿ ಗಿರಣಿ.

ಮಡುವಿನ ಮೆಟ್ಟಿಲು ಮುಳುಗಿದರೆ ಇನ್ನು ಸ್ವಲ್ಪ ಹೊತ್ತಿಗೆ ಕೇರಿ ಮುಳುಗುತ್ತದೆ. ಇದು ಊರಿಗೆ ಗೊತ್ತು, ಕೇರಿಗೆ ಗೊತ್ತು, ಎಮ್ಮೆಗಳಿಗೂ ಗೊತ್ತು. ಆದರೆ ಆ ಮೆಟ್ಟಿಲ ಹತ್ತಿರ ನಾವು ಹೋಗುವಂತಿಲ್ಲ. ದಾರಿಯಲ್ಲಿ ಒಂದು ಹುಣಸೆಮರವಿದೆ. ನಮಗೆ ಅಪ್ಪಣೆ ಅಲ್ಲಿಯ ತನಕ. ಮೆಟ್ಟಿಲು ಮುಳುಗಿದ್ದನ್ನು ಊರವರು ನೋಡಬಹುದು. ನೋಡಿ, ಓಡಿ ಬಂದು ನಮಗೆ ಹೇಳಬಹುದು. ಹೇಳಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಇದುವರೆಗೆ ಯಾರೂ ಬಂದಿರಲಿಲ್ಲ, ಅಷ್ಟೆ.

ತೊಂಬತ್ತನಾಲ್ಕರ ಮುಂಗಾರಿಗೆ ಮುಂಚೆ ಜೀಪುಗಳಲ್ಲಿ ಒಂದು ತಂಡ ಬಂತು. ದಿಢೀರನೆ ಬರುವ ನೆರೆಯನ್ನು ಮೊದಲೇ ಕಂಡುಹಿಡಿದು ಹೇಳುವ ತಂಡ. ಒಬ್ಬರು ಮಳೆ ಓದಿದವರು, ಒಬ್ಬರು ಮಣ್ಣು ಓದಿದವರು, ಒಬ್ಬರು ಕಂಪ್ಯೂಟರ್ ಓದಿದವರು. ಇವರಿಗೆಲ್ಲ ಯಜಮಾನರು ನೀರು ಓದಿದ ಡಾಕ್ಟರ್ ಚಂದ್ರಶೇಖರ್. ಜೊತೆಗೆ ಮನುಷ್ಯರನ್ನು ಓದಿದ ಜ್ಯೋತಿಲಕ್ಷ್ಮಿ ಮೇಡಂ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲವಂತೆ, ಅದಕ್ಕೇ ಒಟ್ಟಿಗೆ ಬಂದಿದ್ದಾರಂತೆ ಎಂದು ಗೌಡರ ಆಳು ಹೇಳಿದ. ನಾವು ನಂಬಿದೆವು. ಇಷ್ಟು ಜನ ಓದಿದವರು ಒಟ್ಟಿಗೆ ನಮ್ಮ ಕೇರಿಯ ಕಡೆ ಮುಖ ಮಾಡಿದ್ದು ಓಟಿನ ಕಾಲದಲ್ಲೂ ಇರಲಿಲ್ಲ.

ಮುಖ ಮಾಡಿದ್ದಕ್ಕೂ ಕಾರಣವಿತ್ತು. ಜೀಪು ನಮ್ಮ ಕೆಸರಿನಲ್ಲಿ ಹೂತಿತ್ತು.

ಜೀಪಿನೊಳಗೆ ಕಂಪ್ಯೂಟರ್ ಇತ್ತು. ಟಿವಿಯಂಥ ಒಂದು ಪೆಟ್ಟಿಗೆ, ಅದರ ತಮ್ಮನಂಥ ಇನ್ನೊಂದು ಪೆಟ್ಟಿಗೆ, ಅವೆರಡಕ್ಕೂ ಕರೆಂಟು ಕೂಡಿಡುವ ಬ್ಯಾಟರಿಗಳು. ಕೇರಿಯ ಗಂಡಸರು ಹೊತ್ತರು. ಬ್ಯಾಟರಿ ಹೊತ್ತವನು ಗುಡ್ಡಪ್ಪ. ಗೌಡರ ಮನೆಯ ಏರು ಹತ್ತುವಾಗ ಬ್ಯಾಟರಿಯ ನೀರು ಸೋರಿ ಅವನ ಹೆಗಲು ಬೆಂದಿತು. ಅವನು ಇಳಿಸಲಿಲ್ಲ. ಇಳಿಸಿದರೆ ಒಡೆಯುತ್ತದೆ, ಒಡೆದರೆ ನೆರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ನಿಮ್ಮ ಕೇರಿಗೇ ನಷ್ಟ ಎಂದು ಕಂಪ್ಯೂಟರಿನವರು ಹಿಂದೆಯೇ ಹೇಳುತ್ತ ಬಂದಿದ್ದರು.

ತಂಡಕ್ಕೆ ಗೌಡರು ತಮ್ಮ ಮನೆಯ ಮಗ್ಗುಲಿನ ಕಣಜದ ಕೋಣೆ ಕೊಟ್ಟಿದ್ದರು. ಅಂಗಳದ ಕಲ್ಲಿನ ಹತ್ತಿರ ಇಳಿಸಿ ಎಂದರು. ಇಳಿಸಿದೆವು. ಅಲ್ಲಿಂದ ಗೌಡರ ಆಳುಗಳು ಹೊತ್ತರು. ನಮ್ಮ ತಲೆಯ ಮೇಲೆ ಬಂದ ಪೆಟ್ಟಿಗೆ ಒಳಗೆ ಹೋಯಿತು. ತಲೆ ಹೊರಗೆ ಉಳಿಯಿತು.

ಮಾರನೆಯ ದಿನ ನೀರು ಅಳೆಯುವ ಜಾಗ ನೋಡಲು ಹೊರಟರು. ನಾವು ಹಗ್ಗ, ಕಬ್ಬಿಣದ ಕಂಬ, ಸಿಮೆಂಟು ಹೊತ್ತುಕೊಂಡು ಹಿಂದೆ ಹೋದೆವು. ಹುಣಸೆಮರದ ಹತ್ತಿರ ನಿಂತುಕೊಂಡೆವು. ಚಂದ್ರಶೇಖರ್ ಮಡುವಿನ ಮೆಟ್ಟಿಲು ನೋಡಿ ಸಣ್ಣ ಹುಡುಗನ ಹಾಗೆ ಕುಣಿದಾಡಿದ್ದು ಅಲ್ಲಿಂದಲೇ ಕಂಡಿತು.

"ಇದೇ ಜಾಗ! ಕಂಬ ನೆಡೋದೇ ಬೇಡ. ದೇವರೇ ಕಟ್ಟಿಸಿಟ್ಟ ಅಳತೆಪಟ್ಟಿ ಇದು. ಮೆಟ್ಟಿಲಿಗೆ ಬಣ್ಣ ಹಚ್ಚಿದ್ರೆ ಮುಗೀತು. ಮಳೆ ಬಂದಾಗ ನಿಂತು ನೋಡೋಕೆ ಒಬ್ಬ ಮನುಷ್ಯ ಬೇಕು, ಅಷ್ಟೆ."

ವೀರಬಸಪ್ಪ ಗೌಡರು ಎಲೆಅಡಿಕೆ ಆಚೆ ಉಗಿದು ಬಂದರು.

"ಮಳ್ಯಾಗ ನಿಂದ್ರಾಕ ನಮ್ಮ ಹುಡುಗ್ರು ಒಪ್ಪಂಗಿಲ್ರಿ. ಕೇರಿಯವ್ರು ನಿಂತಾರು."

"ಸರಿ, ಅವರೇ ನಿಲ್ಲಲಿ."

"ಇಲ್ಲಿ ನಿಂದ್ರಂಗಿಲ್ಲ."

"ಈಗ ತಾನೇ ನಿಲ್ತಾರೆ ಅಂದ್ರಲ್ಲ?"

"ನಿಂತಾರ್ರೀ. ಎಲ್ಲಿ ಬೇಕಾದ್ರೂ ನಿಂತಾರ. ಇಲ್ಲಲ್ಲ. ಇದು ದೇವ್ರು ಮೀಯೋ ನೀರು."

ಚಂದ್ರಶೇಖರ್ ಮೇಡಂ ಮುಖ ನೋಡಿದರು. ಮನುಷ್ಯರ ವಿಷಯ ಬಂದರೆ ತೀರ್ಮಾನ ಮೇಡಮ್ಮನದು. ಹಾಗೆಂದು ಅವರವರಲ್ಲೇ ಪಾಲಾಗಿತ್ತು. ಮೇಡಂ ದನಿ ತಗ್ಗಿಸಿದರು. ಆದರೂ ಕೇಳಿಸಿತು. ಬೇಕೆಂದೇ ತಗ್ಗಿಸಿದ ದನಿಯನ್ನು ಕೇಳಿಸಿಕೊಳ್ಳುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ.

"ಸೂಕ್ಷ್ಮ ವಿಷಯ ಸರ್. ಸ್ಥಳೀಯರ ನಂಬಿಕೆ ನೋಯಿಸಿದ್ರೆ ಜನರ ಸಹಭಾಗಿತ್ವ ಸಿಗಲ್ಲ."

ಆ ಜನರೊಳಗೆ ನಾವೂ ಸೇರಿದ್ದೇವೆಯೇ ಎಂದು ಕೇಳಬಹುದಿತ್ತು. ಸಹಭಾಗಿತ್ವ ಎಂಬ ಮಾತು ನಮ್ಮ ಬಾಯಲ್ಲಿ ಹೊರಳಲಿಲ್ಲ.

ಹೀಗೆ ನೀರು ಅಳೆಯುವ ಜಾಗ ಮಡುವಿನಿಂದ ಇಳಿಯಿತು. ಮಡಿ ಮುಗಿಯುವ ತನಕ ಇಳಿಯಬೇಕಿತ್ತು. ಕೇರಿಯ ಮೇಲ್ಭಾಗದಲ್ಲಿ ಗೌಡರ ಗದ್ದೆಗೆ ಹೋಗುವ ಕಾಲುವೆಯ ಬಾಯಿ ಇತ್ತು. ಅಲ್ಲೂ ನಾವು ನಿಲ್ಲುವಂತಿರಲಿಲ್ಲ. ಕೊನೆಗೆ ಕೇರಿಯನ್ನೂ ದಾಟಿ, ಸೇತುವೆಗಿಂತ ಸ್ವಲ್ಪ ಮೇಲೆ, ನಮ್ಮ ಬಚ್ಚಲ ನೀರು ಹಳ್ಳಕ್ಕೆ ಸೇರುವಲ್ಲಿ ನಿಂತರು. ಇಲ್ಲಿ ಯಾರ ಆಕ್ಷೇಪಣೆಯೂ ಇಲ್ಲ ಎಂದು ಗೌಡರು ಹೇಳಿದರು.

ಗುಡ್ಡಪ್ಪ ಸಿಮೆಂಟಿನ ಚೀಲ ಇಳಿಸಿದ.

"ಸಾರ್, ಒಂದ್ ಮಾತು. ಇಲ್ಲಿ ಅಳದ್ರ, ನೀರು ನಮ್ಮನ್ನ ದಾಟಿ ಬಂದಿರ್ತೈತಲ್ರಿ."

ಚಂದ್ರಶೇಖರ್ ಸ್ವಲ್ಪ ಹೊತ್ತು ನೆಲ ನೋಡಿದರು. ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅವನ ಮುಖ ನೋಡುತ್ತಿದ್ದರು.

"ಗೊತ್ತಪ್ಪ. ಅದನ್ನ ಕಂಪ್ಯೂಟರ್‌ನಲ್ಲಿ ತಿದ್ಕೊಳ್ತೀವಿ."

"ನೀರ್ನ?"

"ಲೆಕ್ಕಾನ."

ಕಬ್ಬಿಣದ ಕಂಬ ನೆಟ್ಟರು. ಮೊದಲ ಮಳೆಗೇ ಹಳ್ಳ ಅದನ್ನು ಹಲ್ಲು ಕಿತ್ತ ಹಾಗೆ ಕಿತ್ತುಕೊಂಡು ಹೋಯಿತು. ಇನ್ನೊಂದು ಕಂಬಕ್ಕೆ ಬರೆದು ಕಳಿಸಿದರು. ಅದು ಬರುವ ತನಕ ಏನು ಮಾಡುವುದು? ಮರದ ಒಂದು ಉದ್ದನೆಯ ಕೋಲಿಗೆ ಕೆಂಪು ಪಟ್ಟಿ, ಬಿಳಿ ಪಟ್ಟಿ ಬಳಿದರು. ಕೋಲನ್ನು ನೀರಿನಲ್ಲಿ ನೆಟ್ಟಗೆ ಹಿಡಿದು ನಿಲ್ಲಲು ಗುಡ್ಡಪ್ಪನನ್ನು ಕರೆದರು. ಕಬ್ಬಿಣ ನಿಲ್ಲದ ಜಾಗದಲ್ಲಿ ಮನುಷ್ಯ ನಿಲ್ಲುತ್ತಾನೆ ಎಂಬುದು ಯಾರ ಓದಿನಲ್ಲಿ ಬರುತ್ತದೋ ತಿಳಿಯದು. ಐವರೂ ಒಪ್ಪಿದರು.

ಆಷಾಢದ ಒಂದು ಬೆಳಗ್ಗೆ ಹಳ್ಳ ಬಂತು.

ಗುಡ್ಡಪ್ಪನ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಜೀಪಿನ ಮೂತಿಗೆ ಬಿಗಿದರು. ಹಗ್ಗ ತನಗಾಗಿ ಎಂದು ಅವನು ತಿಳಿದಿದ್ದ. ನೀರಿಗಿಳಿದ ಮೇಲೆ ನೋಡಿದರೆ ಒಂದು ಸುತ್ತು ಕೋಲಿಗೂ ಇತ್ತು. ಕೋಲಿನ ಗಂಟೇ ಹೆಚ್ಚು ಬಿಗಿಯಾಗಿತ್ತು.

ನೀರು ಮೊಣಕಾಲಿಗೆ ಬಂತು. ತೊಡೆಗೆ ಬಂತು. ಕೆಳಗೆ ಕಲ್ಲುಗಳು ಉರುಳಿ ಬಂದು ಅವನ ಕಣಕಾಲಿಗೆ ಬಡಿಯುತ್ತಿದ್ದವು. ಮುಳ್ಳಿನ ಕೊಂಬೆಯೊಂದು ಬಂದು ಹೊಟ್ಟೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕೈ ಬಿಟ್ಟರೆ ಕೋಲು ಓರೆಯಾಗುತ್ತದೆ.

"ಅಲ್ಲಾಡಬೇಡ! ನೆಟ್ಟಗೆ ಹಿಡಿ!" ದಂಡೆಯ ಮೇಲೆ ಕೊಡೆ ಹಿಡಿದು ಚಂದ್ರಶೇಖರ್ ಕೂಗುತ್ತಿದ್ದರು. ಅವನು ಪಟ್ಟಿ ಹೇಳುತ್ತಿದ್ದ. ಅವರು ವೈರ್‌ಲೆಸ್ಸಿನಲ್ಲಿ ಹೇಳುತ್ತಿದ್ದರು. ಅಲ್ಲಿ ಗೌಡರ ಕಣಜದಲ್ಲಿ ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿತ್ತು.

ಆಗ ಒಂದು ಮೊರ ತೇಲಿ ಬಂತು. ಮೊರ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಹಿಂದೆ ಕೋಳಿ ಮುಚ್ಚುವ ಬುಟ್ಟಿ ಬಂತು. ಬುಟ್ಟಿಯ ಬಾಯಿಗೆ ಕಟ್ಟಿದ ಕೆಂಪು ಬಟ್ಟೆ ಅವನ ಹೆಂಡತಿ ತಿಮ್ಮಮ್ಮನ ಹಳೆಯ ಸೀರೆಯದು. ಆಮೇಲೆ ಚಾಪೆ ಬಂತು. ಬೆಳಗ್ಗೆ ಅವನು ಮನೆ ಬಿಡುವಾಗ ಆ ಚಾಪೆಯ ಮೇಲೆ ಅವನ ತಾಯಿ ಹುಲಿಯಮ್ಮ ಚಳಿಜ್ವರದಲ್ಲಿ ಮಲಗಿದ್ದಳು.

"ಸಾರ್, ನಮ್ಮವ್ವ! ಹಗ್ಗ ಬಿಡ್ರಿ!"

"ಇನ್ನೊಂದು ಸ್ವಲ್ಪ! ಈಗ ಏರ್ತಾ ಇದೆ. ಏರೋದೇ ಮುಖ್ಯ! ಯಾವ ಪಟ್ಟಿ ಹೇಳು!"

ಅವನು ಸೊಂಟದ ಗಂಟಿಗೆ ಕೈ ಹಾಕಿದ. ಬೆರಳು ಮರಗಟ್ಟಿದ್ದವು. ಗಂಟು ಬಿಚ್ಚಲಿಲ್ಲ. ಅಳುತ್ತ ಪಟ್ಟಿ ಹೇಳಿದ. ಅತ್ತದ್ದು ವೈರ್‌ಲೆಸ್ಸಿಗೆ ಹೋಗಲಿಲ್ಲ, ಪಟ್ಟಿ ಹೋಯಿತು.

ಕೇರಿಯಲ್ಲಿ ನಾವು ಹುಲಿಯಮ್ಮನನ್ನು ಗೋಡೆಯ ಅಡಿಯಿಂದ ಎಳೆದುಕೊಂಡೆವು. ಮೊದಲು ನೀರು ಬಂತು, ಆಮೇಲೆ ಗೋಡೆ ಬಿತ್ತು, ಅದರ ಮೇಲೆ ಸೂರು ಬಿತ್ತು. ಚೌಡಮ್ಮ ಜೀವ ಬಿಟ್ಟುಕೊಟ್ಟಳು. ಸೊಂಟದ ಮೂಳೆಯನ್ನು ಇಟ್ಟುಕೊಂಡಳು.

ಆದರೆ ತಂಡಕ್ಕೆ ಜಯವಾಯಿತು. ಕಂಪ್ಯೂಟರ್ ಹೇಳಿದ ಹೊತ್ತಿಗೆ ಸರಿಯಾಗಿ ನೀರು ಸೇತುವೆಗೆ ಮುಟ್ಟಿತಂತೆ. ಅದಕ್ಕೆ ಮುಂಚೆಯೇ ಉಳವಿ ಕಡೆ ಹೋಗುವ ಬಸ್ಸನ್ನು ತಡೆದು ನಿಲ್ಲಿಸಿದ್ದರು. ಗೌಡರ ಗಿರಣಿಯ ಅಕ್ಕಿ ಮೂಟೆಗಳು ಮೊದಲೇ ಅಟ್ಟಕ್ಕೆ ಏರಿದ್ದವು. ಒಂದು ಕಾಳೂ ನೆನೆಯಲಿಲ್ಲ. ಆ ಮೂಟೆ ಏರಿಸಿದವರೂ ನಮ್ಮ ಹುಡುಗರೇ. ಕೇರಿ ಮುಳುಗುವಾಗ ಅವರು ಕೇರಿಯಲ್ಲಿ ಇರದಿದ್ದದ್ದು ಅದಕ್ಕೆ.

ಗೌಡರ ಅಂಗಳದಲ್ಲಿ ಸಭೆ ಸೇರಿತು. ನಾವು ಅಂಗಳದ ಕಲ್ಲಿನಾಚೆ ನಿಂತೆವು. ಮೇಡಂ ಎದ್ದು ಮಾತಾಡಿದರು. ಎಚ್ಚರಿಕೆ ಎಲ್ಲರಿಗಿಂತ ಮೊದಲು ಮುಟ್ಟಿದ್ದು ಕೇರಿಗೇ ಎಂದರು. ಹೇಗೆಂದರೆ, ನೀರಿನ ಮಟ್ಟವನ್ನು ಮೊದಲು ಕಣ್ಣಾರೆ ಕಂಡ ಗುಡ್ಡಪ್ಪ ಕೇರಿಯವನೇ ಅಲ್ಲವೇ? ಸಮಾಜದ ಕಟ್ಟಕಡೆಯ ಮನುಷ್ಯನಿಗೆ ಮೊಟ್ಟಮೊದಲ ಮಾಹಿತಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಚಪ್ಪಾಳೆ ನಮ್ಮ ಕಡೆ ತಿರುಗಿ ಬಂದಾಗ ತಟ್ಟದೆ ನಿಲ್ಲುವುದು ಕಷ್ಟ.

ಪೇಡೆ ಹಂಚಿದರು. ನಮಗೆ ಮೇಲಿನಿಂದ ಬಿಟ್ಟರು, ಕೆಳಗೆ ಹಿಡಿದುಕೊಂಡೆವು. ಗುಡ್ಡಪ್ಪ ತಿನ್ನದೆ ಮುಷ್ಟಿಯಲ್ಲಿ ಹಿಡಿದು ತಂದ. ಹುಲಿಯಮ್ಮ ಚೌಡಮ್ಮನ ಗುಡಿಸಲಲ್ಲಿ ಸೊಂಟಕ್ಕೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದಳು.

"ಏನಲೇ ಅದು?"

"ಪ್ಯಾಡೆ."

"ಯಾರ ಮದುವಿ?"

"ನೀರು ಹೇಳಿದ್ ಹೊತ್ತಿಗೆ ಸರಿಯಾಗಿ ಬಂತಂತ, ಅದಕ್ಕ ಹಂಚಿದ್ರು."

"ಹೌದೇನು? ಪಾಪ, ಹಂಗಾದ್ರ ನೀರಿಗೂ ಒಂದ್ ಕೊಡ್ಬೇಕಿತ್ತು." ಅವಳು ಪೇಡೆ ಬಾಯಿಗೆ ಹಾಕಿಕೊಂಡಳು. "ಸಿಹಿ ಐತಿ. ಸೊಂಟ ಮುರದ್ರೆ ಇಷ್ಟು ಸಿಹಿ ಕೊಡ್ತಾರ ಅಂದ್ರ, ಸತ್ತಿದ್ರ ಹೋಳಿಗಿ ಸಿಗ್ತಿತ್ತು."

ತಿಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಮೂರನೆಯ ದಿನ ಮೇಡಂ ಕೇರಿಗೇ ಬಂದರು. ಬಂದದ್ದಕ್ಕೆ ಒಳ್ಳೆಯದಾಗಲಿ, ನಮ್ಮ ಸೂರಿನೊಳಗೆ ಕಾಲಿಟ್ಟವರು ಅವರೊಬ್ಬರೇ. ಹುಲಿಯಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಅಜ್ಜಿ, ನೆರೆ ಬಂದಾಗ ನಿಮಗೆ ಏನನ್ನಿಸ್ತು?"

"ಒದ್ದಿ ಅನ್ನಿಸ್ತವ್ವ."

ಮೇಡಂ ಬರೆದುಕೊಂಡರು.

ಹುಲಿಯಮ್ಮ ಇನ್ನು ನಡೆಯುವ ಹಾಗಿರಲಿಲ್ಲ. ಅವಳನ್ನು ಎತ್ತಬೇಕಾದರೆ ಕಂಬಳಿಗೆ ಬೊಂಬು ಕಟ್ಟಿ ಜೋಲಿ ಮಾಡಿ, ಹಳ್ಳದ ದಂಡೆಯ ಜಾರುದಾರಿಯಲ್ಲಿ ಹೆಜ್ಜೆ ಊರಿ ಊರಿ ಹತ್ತಬೇಕು. ಎತ್ತರದ ಜಾಗ ಇರುವುದು ಆ ಕಡೆಯೇ. ನೀರು ಕೇರಿಗೆ ಬಂದ ಮೇಲೆ ಹೊರುವುದು ಆಗದ ಮಾತು. ಬರುವುದಕ್ಕೆ ಮೊದಲೇ ಹೊರಬೇಕು. ಆ ಮೊದಲು ಎಂಬುದು ಮಡುವಿನ ಮೆಟ್ಟಿಲಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ಗುಡ್ಡಪ್ಪ ಮತ್ತೆ ಅಂಗಳದ ಕಲ್ಲಿನ ಹತ್ತಿರ ಹೋಗಿ ನಿಂತ.

"ಸಾರ್, ಕೋಲು ಮಡುವಿನಾಗ ಇಡ್ರಿ. ನಮ್ಮವ್ವನ್ನ ಹೊತ್ಕೊಂಡು ಹತ್ತೋವಷ್ಟು ಹೊತ್ತು ಸಿಕ್ರ ಸಾಕು."

ಚಂದ್ರಶೇಖರ್ ಗೌಡರ ಕಡೆ ನೋಡಿದರು. ಗೌಡರು ತೂಗುಮಣೆಯ ಮೇಲಿದ್ದರು.

"ಮುದುಕೀನ ಈಗ್ಲೇ ಬ್ಯಾರೆ ಊರಿಗೆ ಕಳ್ಸು. ಒಬ್ಬ ಮುದುಕಿ ಸಲುವಾಗಿ ದೇವ್ರ ನೀರು ಕೆಡಸಂಗಿಲ್ಲ."

"ಎಲ್ಲಿಗ್ ಕಳಸ್ಲಿ ಗೌಡ್ರ?"

"ಅದನ್ನ ನನ್ನ ಕೇಳ್ತೀಯೇನಲೇ?"

ಚಂದ್ರಶೇಖರ್ ಕೆಮ್ಮಿದರು. "ಮುಂದಿನ ಹಂತದಲ್ಲಿ ನೋಡೋಣ ಗುಡ್ಡಪ್ಪ. ಈ ವರ್ಷ ಜಾಗ ಬದಲಾಯಿಸಿದ್ರೆ ಹಿಂದಿನ ಅಳತೆ ಎಲ್ಲ ಹಾಳಾಗ್ತದೆ." ಆಮೇಲೆ, ಮಾತು ಕಡಿಮೆಯಾಯಿತು ಅನ್ನಿಸಿತೋ ಏನೋ, "ನಿನ್ನ ಕಷ್ಟ ನಂಗೆ ಅರ್ಥ ಆಗ್ತದೆ" ಎಂದರು.

ಅರ್ಥವಾದದ್ದನ್ನು ಹಿಡಿದುಕೊಂಡು ಗುಡ್ಡಪ್ಪ ವಾಪಸು ಬಂದ. ಕೂಲಿ ಮಾಡಿದ, ಗೋಡೆ ಎತ್ತಿದ, ಸಂಜೆ ಚೌಡಮ್ಮನ ಕಲ್ಲಿನ ಮುಂದೆ ದೀಪ ಹಚ್ಚಿ ಕೂತ. ಏನು ಬೇಡಿಕೊಂಡೆ ಎಂದು ತಿಮ್ಮಮ್ಮ ಕೇಳಿದರೆ, "ಬೇಡ್ಕಳ್ಳಿಲ್ಲ. ಹೇಳ್ಬಂದೆ" ಎಂದನಂತೆ.

ಶ್ರಾವಣದ ಒಂದು ಮಧ್ಯಾಹ್ನ ಮೇಲಿನ ಕಾಡಿನ ಕಡೆ ಆಕಾಶ ಹೆಂಚಿನ ತಳದ ಹಾಗೆ ಕಪ್ಪಾಯಿತು. ನಮ್ಮ ಮೇಲೆ ಇನ್ನೂ ಬಿಸಿಲಿತ್ತು. ಜೀಪು ಬಂದು ಹಾರನ್ ಹೊಡೆಯಿತು. ಇಡೀ ವರ್ಷದ ದೊಡ್ಡ ನೆರೆ ಇದೇ ಎಂದು ಮಳೆ ಓದಿದವರು ಹೇಳಿದ್ದಾರಂತೆ. ಗುಡ್ಡಪ್ಪ ಕೋಲು ಹಿಡಿದು ಬೇಗ ಕೆಳಗಿನ ಜಾಗಕ್ಕೆ ಬರಬೇಕಂತೆ. ಹೇಳಿ ಜೀಪು ಮುಂದೆ ಹೋಯಿತು.

ಗುಡ್ಡಪ್ಪ ಕೋಲು ಹೆಗಲಿಗೆ ಹಾಕಿಕೊಂಡ. ಬ್ಯಾಟರಿ ಸುಟ್ಟ ಹೆಗಲಿಗಲ್ಲ, ಇನ್ನೊಂದಕ್ಕೆ. ನಮ್ಮ ಕಡೆ ತಿರುಗಿ ಇಷ್ಟೇ ಹೇಳಿದ:

"ಜೋಲಿ ಕಟ್ರಿ. ನಾ ಕೂಗ್ತೀನಿ. ತಿಮ್ಮಿ ನಡುವೆ ನಿಂತು ನಿಮಗ ಕೂಗ್ತಾಳ."

ಹೇಳಿ ಮೇಲಕ್ಕೆ ನಡೆದ. ತಿಮ್ಮಮ್ಮ ಹಿಂದೆ ಹೋದಳು. ಹುಣಸೆಮರ ಬಂತು. ಅವನು ನಿಲ್ಲಲಿಲ್ಲ. ಮರವೂ ಏನೂ ಅನ್ನಲಿಲ್ಲ. ತಿಮ್ಮಮ್ಮ ಬಂಡೆ ಹತ್ತಿ ನಿಂತಳು. ಅಲ್ಲಿಂದ ಅವಳಿಗೆ ಮಡುವೂ ಕಾಣುತ್ತಿತ್ತು, ಕೇರಿಯೂ ಕಾಣುತ್ತಿತ್ತು. ಮಡುವಿನ ಮಾತು ನಮಗೆ ಗೊತ್ತಾದದ್ದು ಅವಳಿಂದ. ಕೊನೆಯದನ್ನು ನಾವೇ ಕಂಡೆವು.

ಗುಡ್ಡಪ್ಪ ಮೇಲಿನ ಮೆಟ್ಟಿಲನ್ನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡನಂತೆ. ಆಮೇಲೆ ಇಳಿದ. ಕೆಂಪು ನೀರು ಆಗಲೇ ಸುತ್ತುತ್ತಿತ್ತು. ಸೊಂಟದ ಮಟ್ಟ ಇಳಿದು, ಕೋಲು ನೆಟ್ಟಗೆ ಹಿಡಿದು ನಿಂತ. ಹಗ್ಗ ಇರಲಿಲ್ಲ.

ಮೊದಲು ಕಂಡವರು ಪೂಜಾರಪ್ಪ. ಅವರ ಕೂಗಿಗೆ ಗೌಡರು ಬಂದರು, ಹಿಂದೆ ಆಳುಗಳಿಬ್ಬರು ಬಂದರು. ಕೆಳಗೆ ಕಾದು ಕಾದು ಸಾಕಾಗಿ ಚಂದ್ರಶೇಖರ್ ಮತ್ತು ಮೇಡಂ ಸಹ ಹುಡುಕಿಕೊಂಡು ಅಲ್ಲಿಗೇ ಬಂದರು.

"ಏ ಗುಡ್ಡ್ಯಾ! ಮ್ಯಾಲೆ ಬಾರಲೇ! ನೀರು ಮೈಲಿಗಿ ಆತು!"

"ಆದ್ರ ಆಗ್ಲಿ ಗೌಡ್ರ. ಇಲ್ಲೇನ್ ನಿಂದ್ರಂಗಿಲ್ಲ ಅದು. ನಮ್ಮ ಕೇರಿಗೇ ಹೊಂಟೈತಿ." ಆಮೇಲೆ ತಿರುಗಿ, ಗಂಟಲು ಹರಿಯುವ ಹಾಗೆ, "ತಿಮ್ಮೀ! ಕೆಂಪು ಮುಳುಗ್ತು!"

ತಿಮ್ಮಮ್ಮ ಕೂಗಿದಳು. ನಾವು ಹುಲಿಯಮ್ಮನನ್ನು ಜೋಲಿಗೆ ಎತ್ತಿದೆವು. ಮುದುಕಿ ಒಂದು ಸಲ ಚೀರಿದಳು. ಆಮೇಲೆ ಬೈಯಲು ಶುರುಮಾಡಿದಳು. ಬೈಗುಳ ನಿಲ್ಲದಿದ್ದರೆ ಜೀವ ಗಟ್ಟಿ ಇದೆ ಎಂದು ನಡೆದೆವು. ಹಿಂದೆ ಹೆಂಗಸರು, ಮಕ್ಕಳು, ಕೋಳಿ, ಆಡು.

ಅಲ್ಲಿ ಚಂದ್ರಶೇಖರ್ ತಲೆ ತಲೆ ಹೊಡೆದುಕೊಳ್ಳುತ್ತಿದ್ದರು.

"ಗುಡ್ಡಪ್ಪ, ಕೆಳಗಡೆ ಅಳತೆ ತಪ್ಪಿಹೋಗ್ತಾ ಇದೆ! ಇಡೀ ವರ್ಷದ ಕೆಲಸ! ಆ ಕೋಲು ತಗೊಂಡು ಬಾ!"

"ಕೆಳಗ ನೀವ್ ನಿಂದ್ರರಿ ಸಾರ್. ಹಗ್ಗ ಜೀಪಿನಾಗ ಐತಿ."

"ಕೋಲು ಸರ್ಕಾರದ್ದು!"

"ಇಳಿದು ಬಂದು ತಗೊಳ್ರಿ."

ಮೇಡಂ ಬರೆಯುವುದನ್ನು ನಿಲ್ಲಿಸಿದ್ದರು. ಮಳೆ ಶುರುವಾಗಿತ್ತು.

"ಎಳೀರಲೇ ಅವನ್ನ!" ಗೌಡರು ಆಳುಗಳಿಗೆ ಹೇಳಿದರು.

ಆಳುಗಳು ಒಂದು ಮೆಟ್ಟಿಲು ಇಳಿದರು. ನೀರನ್ನು ನೋಡಿದರು, ಗುಡ್ಡಪ್ಪನನ್ನು ನೋಡಿದರು, ಗೌಡರನ್ನು ನೋಡಿದರು.

"ಮುಟ್ಬೇಕಾಗ್ತೈತಲ್ರಿ ಗೌಡ್ರ."

"ಮುಟ್ಟಬ್ಯಾಡ್ರಿ. ಕೋಲಿನಾಗ ತಿವೀರಿ."

ಅಷ್ಟು ಉದ್ದದ ಕೋಲು ಊರಲ್ಲಿ ಒಂದೇ ಇತ್ತು. ಅದು ಗುಡ್ಡಪ್ಪನ ಕೈಯಲ್ಲಿತ್ತು. ಆಳುಗಳಿಗೆ ಮನೆಯಲ್ಲಿ ದನ ಕಟ್ಟುವುದು ನೆನಪಾಯಿತು. ಗುಡಿಯ ಹಿಂದಿನ ಓಣಿ ಹಿಡಿದು ಓಡಿದರು.

"ಬರ್ತೀಯೋ ಇಲ್ಲೋ?"

"ಬರಂಗಿಲ್ಲ."

ಇಷ್ಟೇ ಮಾತು. ನಮ್ಮ ಅಪ್ಪ, ಅವನಪ್ಪ ಯಾರೂ ಆ ಮನೆಯವರ ಮುಂದೆ ಆಡಿರಲಿಲ್ಲ. ಅದನ್ನು ಅವನು ಕೂಗಿಯೂ ಹೇಳಲಿಲ್ಲ. ಕೂಗನ್ನೆಲ್ಲ ತಿಮ್ಮಮ್ಮನಿಗೆ ಇಟ್ಟುಕೊಂಡಿದ್ದ. "ಬಿಳಿ ಮುಳುಗ್ತು ತಿಮ್ಮೀ! ಬಂಡೆ ಹತ್ತಾಕ ಬಂತು! ಓಡ್ರಿ!"

ನಾವು ಹುಣಸೆಮರ ದಾಟುವಾಗ ಹಿಂದೆ ದೊಡ್ಡ ಸದ್ದಾಯಿತು. ತಿರುಗಿ ನೋಡಿದರೆ ಬಂಡೆಯ ಮೇಲಿಂದ ನೀರು ಧುಮುಕಿ ಕೇರಿಯ ಕಡೆ ಹೊರಟಿತ್ತು. ತಿಮ್ಮಮ್ಮ ಹಾರಿ ಬಂದು ನಮ್ಮ ಜೊತೆ ಸೇರಿಕೊಂಡಳು. ನಮ್ಮ ಹೊಸ ಗೋಡೆಗಳು ಒಂದೊಂದಾಗಿ ಕೂತುಕೊಂಡವು. ಒಳಗೆ ಯಾರೂ ಇರಲಿಲ್ಲ. ಯಾರೂ ಇಲ್ಲದ ಗೋಡೆ ಬೀಳುವುದನ್ನು ನಿಂತು ನೋಡಿದ್ದು ನಮ್ಮ ಬಾಳಿನಲ್ಲಿ ಅದೇ ಮೊದಲು.

ನಿಂತದ್ದು ಸ್ವಲ್ಪವೇ. ಎತ್ತರದ ಜಾಗ ಇನ್ನೊಂದಿರಲಿಲ್ಲ. ಗುಡಿಯ ಅಂಗಳಕ್ಕೆ ಹತ್ತಿದೆವು.

ಪೂಜಾರಪ್ಪ ನಮ್ಮನ್ನು ಕಂಡದ್ದೇ ಗುಡಿಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿತು. ನಮಗೆ ಒಳಗೆ ಬೇಕಿರಲಿಲ್ಲ. ಶಿವನು ಬಾಗಿಲ ಹೊರಗೂ ಇದ್ದಾನೆಂದು ನಾವು ತಲೆತಲಾಂತರದಿಂದ ನಂಬಿಯೇ ಬದುಕಿದವರು. ನಂಬದಿದ್ದರೆ ನಮಗೆ ಶಿವನೇ ಇರುತ್ತಿರಲಿಲ್ಲ. ಹೊರಗಿನ ಜಗಲಿಯ ಮೇಲೆ ಜೋಲಿ ಇಳಿಸಿದೆವು. ಹುಲಿಯಮ್ಮನ ಸುತ್ತ ಮಕ್ಕಳನ್ನು ಕೂರಿಸಿದೆವು. ಉಳಿದವರು ಒತ್ತಿಕೊಂಡು ಕೂತೆವು. ಚಂದ್ರಶೇಖರ್ ಮತ್ತು ಮೇಡಂ ನಮಗಿಂತ ಮೊದಲೇ ಜಗಲಿ ಹತ್ತಿ ನಿಂತಿದ್ದರು.

ಅಂಗಳದ ಅಂಚಿನಲ್ಲಿ ಗೌಡರು ಒಬ್ಬರೇ ಇದ್ದರು.

"ಇಳೀರಲೇ! ಗುಡಿ ಇದು!"

ಎಲ್ಲಿಗೆ ಇಳಿಯುವುದು ಎಂದು ಯಾರೂ ಕೇಳಲಿಲ್ಲ. ಅವರೇ ತಿರುಗಿ ನೋಡಿದರು. ಊರಿಗೆ ಹೋಗುವ ಓಣಿಯಲ್ಲಿ ನೀರು ತಿರುಗುತ್ತಿತ್ತು. ಮಡುವಿನ ನೀರೇ. ಗುಡಿ ನಡುಗಡ್ಡೆಯಾಗಿತ್ತು.

ಮೆಟ್ಟಿಲ ಕಡೆಯಿಂದಲೂ ನೀರು ಏರುತ್ತಿತ್ತು. ಅದರ ಜೊತೆ ಗುಡ್ಡಪ್ಪನೂ ಏರುತ್ತಿದ್ದ. ನೀರು ಒಂದು ಮೆಟ್ಟಿಲು ಹತ್ತಿದರೆ ಅವನೂ ಒಂದು ಮೆಟ್ಟಿಲು ಹತ್ತುತ್ತಿದ್ದ. ಗೌಡರು ಅಷ್ಟೇ ಹಿಂದೆ ಸರಿಯುತ್ತಿದ್ದರು. ನೀರಿಗೆ ಕಾಲು ತಾಗಬಾರದು; ಅದು ಅವನು ಮುಟ್ಟಿದ ನೀರು. ಪಂಚೆ ಎತ್ತಿ ಹಿಡಿದು, ಮುಖ ಮಡುವಿನ ಕಡೆಗೇ ಇಟ್ಟುಕೊಂಡು, ಹಿಂದಕ್ಕೆ ಹಿಂದಕ್ಕೆ ಬಂದರು. ನೀರು ಅಂಗಳದ ಒಳಗೆ ನಾಲಗೆ ಚಾಚಿತು. ಗೌಡರ ಬೆನ್ನು ಜಗಲಿಯ ಹತ್ತಿರ ಬಂತು. ಜಗಲಿಯ ಮೇಲೆ ನಾವಿದ್ದೆವು.

ಬದಿಯಿಂದ ಸುತ್ತಿ ಬಾಗಿಲಿಗೆ ಹೋಗಿ ಬಡಿದರು.

"ಪೂಜಾರಪ್ಪಾ, ಬಾಗ್ಲು ತೆಗಿ! ನಾನು!"

"ತೆಗದ್ರ ಅವ್ರೂ ಬರ್ತಾರ್ರೀ ಗೌಡ್ರ!" ಒಳಗಿನಿಂದ ದನಿ ಬಂತು. ಆಮೇಲೆ ಮಂತ್ರ ಕೇಳಿಸಿತು.

ಬಾಗಿಲ ಮುಂದಿನ ಕಲ್ಲು ತಗ್ಗಿನಲ್ಲಿತ್ತು. ನೀರು ಅಲ್ಲಿಗೂ ಹೊರಟಿತು. ಗೌಡರು ಒಂಟಿಕಾಲಲ್ಲಿ ನಿಂತರು. ಅಷ್ಟು ವಯಸ್ಸಾದವರು ಒಂಟಿಕಾಲಲ್ಲಿ ನಿಲ್ಲುವುದನ್ನು ನೋಡಿ ನಮ್ಮ ಮಕ್ಕಳು ನಗತೊಡಗಿದವು. ಚಂದ್ರಶೇಖರ್ ನೆಲ ನೋಡಿದರು. ಅಲ್ಲಿ ನೆಲ ಇರಲಿಲ್ಲ.

ಹುಲಿಯಮ್ಮ ಜೋಲಿಯೊಳಗಿಂದ ತಲೆ ಎತ್ತಿದಳು.

"ಏ, ಸುಮ್ಕಿರ್ರಲೇ. ನಗಬ್ಯಾಡ್ರಿ, ಹಿರಿ ಮನುಷ್ಯಾರು." ಅವಳ ದನಿ ನೆಂಟರನ್ನು ಕರೆಯುವ ದನಿಯಾಗಿತ್ತು. "ಬರ್ರಿ ಗೌಡ್ರ, ಕೂಡ್ರಿ, ಜಾಗ ಐತಿ. ನಮ್ಮನ್ನ ಮುಟ್ಟಂಗಿಲ್ಲ ಅಂದ್ರ ನೀರಾಗ ನಿಂದ್ರರಿ. ಅದನ್ನೂ ನನ್ನ ಮಗ ಮುಟ್ಯಾನ. ಯಾವ್ದ್ ಬೇಕು ನೋಡ್ಕೊಳ್ರಿ, ನಮ್ದೇನ್ ಬಲವಂತ ಇಲ್ಲ."

ಗುಡ್ಡಪ್ಪ ಕೋಲು ಊರಿಕೊಂಡು ಅಂಗಳಕ್ಕೆ ಬಂದು ನಿಂತ. ಮೈಯಿಂದ ಕೆಂಪು ನೀರು ಇಳಿಯುತ್ತಿತ್ತು. ಅವನು ಪಟ್ಟಿ ನೋಡುತ್ತಿದ್ದ.

ನೀರು ಗೌಡರ ಹೆಬ್ಬೆರಳಿಗೆ ಬಂತು.

ಅವರು ಜಗಲಿಗೆ ಕೈ ಊರಿದರು.

"ಸ್ವಲ್ಪ ಸರೀರಿ ಅತ್ಲಾಗ," ಎಂದಳು ಹುಲಿಯಮ್ಮ ನಮಗೆ.

ಸರಿದೆವು. ಬಹಳ ಸರಿಯಲಿಲ್ಲ.